ಕಾರಾಪುರದ ಹುಡುಗ ದೊಡ್ಡವನಾದ ಮೇಲೆ: ಹಾಲಿವುಡ್ಡಿಗೊಂದು ಬಹಿರಂಗ ಪತ್ರ

ಹಾಲಿವುಡ್ಡಿನ ಸ್ಟುಡಿಯೋ ಮುಖ್ಯಸ್ಥರಿಗೆ, ನಿರ್ಮಾಪಕರಿಗೆ, ಯಾವ ಪಾತ್ರ ಯಾರಿಗೆ ಎಂದು ತೀರ್ಮಾನಿಸುವ ಕಾಸ್ಟಿಂಗ್ ಡೈರೆಕ್ಟರುಗಳಿಗೆ,

ನಮಸ್ಕಾರ.

ನಿಮ್ಮ ಚಿತ್ರಗಳಲ್ಲಿ ನಮ್ಮಂಥ ಏಷ್ಯನ್ ಮೂಲದವರಿಗೆ ನಾಯಕ, ನಾಯಕಿಯ ಪಾತ್ರ ಯಾಕೆ ಸಿಗುವುದಿಲ್ಲ ಎಂದು ಕೇಳುವ ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷ್ ಬರುವುದಿಲ್ಲವೆಂದಲ್ಲ, 28 ವರ್ಷದಿಂದ ನ್ಯೂಜೆರ್ಸಿಯಲ್ಲಿ ಅದರಲ್ಲೇ ಅನ್ನ ಸಂಪಾದಿಸುತ್ತಿದ್ದೇನೆ. ಆದರೆ ಇಂಗ್ಲಿಷಿನಲ್ಲಿ ಬರೆಯಲು ಕೂತರೆ ಬೇಡದ ವಿನಯವೆಲ್ಲ ಬಂದುಬಿಡುತ್ತದೆ. ಎರಡು ಸಲ ಬರೆದು ನೋಡಿದೆ, ಎರಡು ಸಲವೂ ರಜೆ ಅರ್ಜಿಯ ಹಾಗೆ ಕಂಡಿತು. ಮಗಳು ತರ್ಜುಮೆ ಮಾಡಿಕೊಡುತ್ತೇನೆ ಅಂದಿದ್ದಾಳೆ. ಅಲ್ಲಿಯವರೆಗೆ ನಮ್ಮ ಜನ ಓದಲಿ. ಅವರಿಗೂ ಹೇಳಬೇಕಾದ ಒಂದೆರಡು ಮಾತಿದೆ.

ವೃತ್ತಿಯಲ್ಲಿ ನಾನು ಡೇಟಾಬೇಸ್ ಕೆಲಸದವನು. ಶನಿವಾರ, ಭಾನುವಾರ ಮಾತ್ರ ನಿಮ್ಮ ಉದ್ಯಮದಲ್ಲೂ ಒಂದು ಬಿಟ್ಟಿ ಕೆಲಸ ಮಾಡುತ್ತೇನೆ. ನನ್ನ ಮಗಳು ನಟಿ. ಈಗೆಲ್ಲ ಆಡಿಷನ್ ಅಂದರೆ ಮನೆಯಲ್ಲೇ ಫೋನಿನಲ್ಲಿ ಚಿತ್ರೀಕರಿಸಿ ಕಳಿಸುವ ಸೆಲ್ಫ್ ಟೇಪ್. ಗೋಡೆಗೆ ನೀಲಿ ಬೆಡ್‌ಶೀಟು, ಎದುರಿಗೆ ಟ್ರೈಪಾಡು, ಒಂದು ರಿಂಗ್ ಲೈಟು. ಕ್ಯಾಮೆರಾ ಪಕ್ಕದಲ್ಲಿ ಕಾಣದ ಹಾಗೆ ನಿಂತು ಎದುರು ಪಾತ್ರದ ಮಾತು ಓದಲು ಒಬ್ಬರು ಬೇಕು, ಅವರಿಗೆ ರೀಡರ್ ಅನ್ನುತ್ತಾರೆ. ನಮ್ಮ ಮನೆಯ ರೀಡರ್ ನಾನು. “ಅಪ್ಪ, ನೀನು ಆಕ್ಟ್ ಮಾಡಬೇಡ, ಸುಮ್ಮನೆ ಓದು” ಎಂದು ಬೈಸಿಕೊಳ್ಳುತ್ತಲೇ ಆರು ವರ್ಷವಾಯಿತು.

ಈ ಆರು ವರ್ಷದಲ್ಲಿ ಮಗಳು ನರ್ಸ್ ಆಗಿದ್ದಾಳೆ, ಮೋಟೆಲ್ ಇಟ್ಟವನ ಮಗಳಾಗಿದ್ದಾಳೆ, ಬಾಂಬ್ ಇಟ್ಟವನ ತಂಗಿಯಾಗಿದ್ದಾಳೆ. ಡಾಕ್ಟರ್ ಆದರೆ ರಿಪೋರ್ಟ್ ತಂದುಕೊಟ್ಟು ಹೊರಟುಹೋಗುತ್ತಾಳೆ. ಕಂಪ್ಯೂಟರ್ ಹುಡುಗಿಯಾದರೆ ಕೀಲಿಮಣೆ ಕುಟ್ಟಿ “ಪಾಸ್‌ವರ್ಡ್ ಸಿಕ್ಕಿತು” ಅನ್ನುತ್ತಾಳೆ. ನಾಯಕಿಯ ಗೆಳತಿಯಾದರೆ ಮಾತು ಒಂದೇ: “ನೀನು ಅವನಿಗೆ ಫೋನ್ ಮಾಡಲೇಬೇಕು.” ಇದನ್ನು ಮೂರು ಬೇರೆ ಬೇರೆ ಸ್ಕ್ರಿಪ್ಟುಗಳಲ್ಲಿ ನೋಡಿದ್ದೇನೆ. ಅವಳಿಗೇ ಯಾರಾದರೂ ಫೋನ್ ಮಾಡುವಂಥ ಪಾತ್ರ ನಮ್ಮ ಬೆಡ್‌ಶೀಟಿನ ಮುಂದೆ ಇನ್ನೂ ಬಂದಿಲ್ಲ.

ಒಂದು ಸಲ ‘ಇಂಡಿಯನ್ ಆಕ್ಸೆಂಟ್ ಬೇಕು’ ಎಂದು ಬಂತು. ಮಗಳು ಹುಟ್ಟಿ ಬೆಳೆದದ್ದು ಇಲ್ಲಿ. ಅವಳ ಇಂಗ್ಲಿಷು ಪಕ್ಕದ ಮನೆಯ ಇಟಾಲಿಯನ್ ಮೂಲದ ಹುಡುಗಿಯ ಇಂಗ್ಲಿಷೇ. ಹಾಗಾಗಿ ನನ್ನನ್ನು ಎದುರಿಗೆ ಕೂರಿಸಿಕೊಂಡು ನನ್ನ ಇಂಗ್ಲಿಷನ್ನು ಕಲಿತಳು. ಎರಡು ದಿನ ಮನೆಯಲ್ಲಿ ಎಲ್ಲಿ ಹೋದರೂ ನನ್ನದೇ ದನಿ. ಹೆಂಡತಿ ಅಡುಗೆಮನೆಯಲ್ಲಿ ನಕ್ಕು ನಕ್ಕು ಸುಸ್ತಾದಳು. ಟೇಪ್ ಕಳಿಸಿದೆವು. ಚೆನ್ನಾಗಿದೆ, ಇನ್ನೂ ಸ್ವಲ್ಪ ಇಂಡಿಯನ್ ಆಗಿ ಮಾಡಬಹುದಾ ಎಂದು ಉತ್ತರ ಬಂತು. ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಹುಟ್ಟಿ ಮೈಸೂರಿನಲ್ಲಿ ಓದಿದ ನನ್ನ ನಾಲಿಗೆ ಅವರಿಗೆ ಸಾಲದಾಯಿತು. ಅವರ ಕಿವಿಯಲ್ಲಿದ್ದ ಇಂಡಿಯನ್ ಯಾರೆಂದು ನನಗೆ ಗೊತ್ತು: ‘ದಿ ಸಿಂಪ್ಸನ್ಸ್’ ಕಾರ್ಟೂನಿನ ಅಂಗಡಿಯ ಅಪು. 1990ರಿಂದ ಅವನಿಗೆ ದನಿ ಕೊಟ್ಟವರು ಹ್ಯಾಂಕ್ ಅಜೇರಿಯಾ ಎಂಬ ಬಿಳಿ ನಟ. 2020ರಲ್ಲಿ ಅವರು ಆ ಪಾತ್ರ ಬಿಟ್ಟರು, ಮರುವರ್ಷ ಕ್ಷಮೆಯನ್ನೂ ಕೇಳಿದರು. ದೊಡ್ಡ ಮನಸ್ಸು, ಒಪ್ಪುತ್ತೇನೆ. ಆದರೆ ದನಿ ನಿಮ್ಮ ಕಿವಿಯಿಂದ ಇಳಿದಿಲ್ಲ.

ಇಷ್ಟು ಹೇಳಿದರೆ ನೀವು ಕೊಡುವ ಉತ್ತರವೂ ನನಗೆ ಬಾಯಿಪಾಠ. “ನಮಗೇನು ಭೇದ ಸ್ವಾಮಿ? ಜನ ನೋಡಬೇಕಲ್ಲ, ದುಡ್ಡು ಹುಟ್ಟಬೇಕಲ್ಲ. ಏಷ್ಯನ್ ಮುಖ ಹಾಕಿಕೊಂಡು ಪೋಸ್ಟರ್ ಅಂಟಿಸಿದರೆ ಯಾರು ಬರುತ್ತಾರೆ?”

ಯಾರು ಬರುತ್ತಾರೆ ಎಂಬುದನ್ನು ನಮ್ಮೂರ ಕಡೆಯವನೊಬ್ಬ ತೋರಿಸಿ ಎಂಬತ್ತು ವರ್ಷದ ಮೇಲಾಯಿತು.

ನನ್ನಜ್ಜ ಹೇಳುತ್ತಿದ್ದ ಕಥೆ ಇದು. “ಸಾಬು ಅಂತ ಒಬ್ಬ ಹೈದ, ಆನೆ ಮ್ಯಾಲೆ ಕುಂತ್ಕೊಂಡು ಅಮೇರಿಕಕ್ಕೆ ಹೋದ ಕಣ್ಲಾ. ಆನೆ ವಾಪಸ್ ಬಂತು, ಅವ್ನು ಬರ್ನಿಲ್ಲ.” ಆನೆಯ ವಿಷಯ ಅಜ್ಜನ ಸೇರ್ಪಡೆ. ಉಳಿದದ್ದು ನಿಜ. ಕಬಿನಿ ದಡದ ಕಾರಾಪುರ ಈಗ ಸಫಾರಿ ರೆಸಾರ್ಟಿನಿಂದ ಹೆಸರಾಗಿದೆ; ಆಗ ಅದು ಕಾಕನಕೋಟೆ ಕಾಡಿನ ಅಂಚು, ಕಾಡಾನೆ ಹಿಡಿಯುವ ಖೆಡ್ಡಾದ ಸೀಮೆ. ಸಾಬು ಅಲ್ಲಿ ಹುಟ್ಟಿದ್ದು 1924ರಲ್ಲಿ. ಅಪ್ಪ ಮೈಸೂರು ಮಹಾರಾಜರ ಆನೆಗಳ ಮಾವುತ. ಹುಡುಗ ಚಿಕ್ಕವನಿದ್ದಾಗಲೇ ಅಪ್ಪ ತೀರಿಕೊಂಡ, ಹುಡುಗ ಆನೆ ಲಾಯದಲ್ಲೇ ಬೆಳೆದ. ಲಂಡನ್ನಿನ ಅಲೆಕ್ಸಾಂಡರ್ ಕೋರ್ಡಾ ಕಂಪನಿಗಾಗಿ ರಾಬರ್ಟ್ ಫ್ಲಾಹರ್ಟಿ ಎಂಬ ನಿರ್ದೇಶಕ ಸಿನಿಮಾ ತೆಗೆಯಲು ಮೈಸೂರಿಗೆ ಬಂದಾಗ ಅವರ ಕಣ್ಣಿಗೆ ಬಿದ್ದ. 1937ರಲ್ಲಿ ‘ಎಲಿಫೆಂಟ್ ಬಾಯ್’ ಬಂತು. 1940ರಲ್ಲಿ ‘ದಿ ಥೀಫ್ ಆಫ್ ಬಾಗ್ದಾದ್’ನ ಕಳ್ಳ ಅವನೇ. 1942ರಲ್ಲಿ ‘ಜಂಗಲ್ ಬುಕ್’ನ ಮೋಗ್ಲಿ ಅವನೇ. ಹಿಂದೆ ಮುಂದೆ ಏನೂ ಇಲ್ಲದ ಒಂದೇ ಹೆಸರು, ಸಾಬು. ಅದನ್ನು ನೋಡಿ ಅಮೆರಿಕದ ಜನ ಟಿಕೆಟ್ ಕೊಂಡರು. ಆಗ ಭಾರತದವನೊಬ್ಬ ಈ ದೇಶದ ಪ್ರಜೆಯಾಗುವಂತೆಯೇ ಇರಲಿಲ್ಲ ಎಂಬುದನ್ನು ನೆನಪಿಡಿ. ಭಾರತೀಯರು ‘ಬಿಳಿಯರಲ್ಲ’, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು 1923ರಲ್ಲೇ ಸುಪ್ರೀಂ ಕೋರ್ಟ್ ಹೇಳಿಯಾಗಿತ್ತು. ಪೌರನಾಗಲು ಸಲ್ಲದವನು ಹೀರೋ ಆಗಲು ಸಂದಿದ್ದ.

ಸಂದದ್ದು ಹುಡುಗನಾಗಿರುವತನಕ.

ಹದಿನೆಂಟು ತುಂಬಿತು, ಮೀಸೆ ಬಂತು. ಯೂನಿವರ್ಸಲ್ ಸ್ಟುಡಿಯೋ ಅವನನ್ನು ತೆಗೆದುಕೊಂಡಿತು. ನೋಡಿದರೆ, ನಾಯಕ ಜಾನ್ ಹಾಲ್, ನಾಯಕಿ ಮಾರಿಯಾ ಮೊಂಟೆಜ್, ಸಾಬು ಪಕ್ಕದ ಗೆಳೆಯ. ಒಂದಲ್ಲ, ಸಾಲಾಗಿ ಮೂರು ಚಿತ್ರ. ನಮ್ಮ ಸಿನಿಮಾದಲ್ಲಿ ಹೀರೋ ಜೊತೆ ಸೈಕಲ್ ಡಬಲ್ ರೈಡ್ ಹೋಗುವವನು ಇರುತ್ತಾನಲ್ಲ, ಅವನು. ಆಮೇಲೆ ಸಾಬು ಸೈನ್ಯ ಸೇರಿದ. ಆ ತೀರ್ಪಿದ್ದರೂ 1944ರಲ್ಲಿ ಅವನಿಗೆ ಪೌರತ್ವ ಸಿಕ್ಕಿತು. ಪೆಸಿಫಿಕ್ ಮೇಲೆ ಬಾಂಬರ್ ವಿಮಾನದಲ್ಲಿ ಗನ್ನರ್ ಆಗಿ ಹಾರಾಡಿ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಪಡೆದ. ಯುದ್ಧದಿಂದ ಬಂದ ಮೇಲೆ? ಬ್ರಿಟನ್ನಿನಲ್ಲಿ ಒಂದು ಒಳ್ಳೆಯ ಪಾತ್ರ. ಮಿಕ್ಕಂತೆ ಅದೇ ಕಾಡು, ಅದೇ ಪೇಟ, ಚಿಕ್ಕ ಬಜೆಟ್ಟು. 1963ರ ಡಿಸೆಂಬರಿನಲ್ಲಿ ಹೃದಯಾಘಾತವಾಗಿ ಹೋದಾಗ ವಯಸ್ಸು 39.

ಈ ಮಧ್ಯೆ, 1955ರಲ್ಲಿ, ‘ದಿ ರೇನ್ಸ್ ಆಫ್ ರಾಂಚಿಪುರ್’ ಎಂಬ ಚಿತ್ರ ಬಂತು. ಭಾರತದ ಡಾಕ್ಟರೊಬ್ಬನ ಮೇಲೆ ವಿದೇಶಿ ಶ್ರೀಮಂತೆಗೆ ಪ್ರೇಮ. ಆ ಶ್ರೀಮಂತೆ ಲಾನಾ ಟರ್ನರ್. ಡಾಕ್ಟರ್ ಸಫ್ತಿ ಯಾರು? ವೇಲ್ಸಿನ ರಿಚರ್ಡ್ ಬರ್ಟನ್, ಮುಖಕ್ಕೆ ಕಂದು ಬಣ್ಣ, ತಲೆಗೆ ಪೇಟ. ಅದೇ ಪಾತ್ರವನ್ನು 1939ರಲ್ಲಿ ಟೈರೋನ್ ಪವರ್ ಮಾಡಿದ್ದರು. 1955ರಲ್ಲಿ ಸಾಬುಗೆ 31 ವರ್ಷ, ಮನೆ ಅದೇ ಕ್ಯಾಲಿಫೋರ್ನಿಯಾದಲ್ಲಿ.

ನಮ್ಮ ಭಾಷೆಯಲ್ಲಿ ‘ಬಣ್ಣ ಹಚ್ಚುವುದು’ ಅಂದರೆ ನಟಿಸುವುದು. ಗುಬ್ಬಿ ಕಂಪನಿ ಕಾಲದಿಂದ ಬಂದ ಒಳ್ಳೆಯ ಮಾತು. ಹಾಲಿವುಡ್ಡಿನ ಚರಿತ್ರೆ ಓದಿದ ಮೇಲೆ ಆ ಮಾತು ಬಾಯಿಗೆ ಬಂದಾಗಲೆಲ್ಲ ತಡವರಿಸುತ್ತೇನೆ.

ಜಪಾನಿನ ಸೆಸ್ಸೂ ಹಯಕವಾ 1915ರ ಹೊತ್ತಿಗೇ ಮೂಕಿ ಚಿತ್ರಗಳ ದೊಡ್ಡ ತಾರೆ, 1918ರಲ್ಲಿ ಸ್ವಂತ ನಿರ್ಮಾಣ ಕಂಪನಿಯನ್ನೇ ಕಟ್ಟಿದವರು. ಅಂದರೆ ಜನ ನೋಡುತ್ತಿದ್ದರು. ನೋಡಬಾರದು ಎಂದು ತೀರ್ಮಾನಿಸಿದವರು ಬೇರೆ. ಅದು ಹೇಗೆ ನಡೆಯಿತು ಎಂಬುದಕ್ಕೆ ಆ್ಯನಾ ಮೇ ವಾಂಗ್ ಕಥೆಗಿಂತ ದೊಡ್ಡ ಸಾಕ್ಷಿ ಬೇಡ. ಲಾಸ್ ಏಂಜಲೀಸಿನಲ್ಲಿ ಬಟ್ಟೆ ಒಗೆಯುವ ಅಂಗಡಿ ಇಟ್ಟಿದ್ದವರ ಮಗಳು. 1905ರಲ್ಲಿ ಹುಟ್ಟಿ, ಹದಿನೇಳಕ್ಕೇ ನಾಯಕಿಯಾದವಳು. 1937ರ ‘ದಿ ಗುಡ್ ಅರ್ತ್’ ಚೀನಾದ ರೈತ ಗಂಡ–ಹೆಂಡತಿಯ ಕಥೆ. ಹೆಂಡತಿಯ ಪಾತ್ರಕ್ಕೆ ಅವಳಿಗಿಂತ ಒಪ್ಪುವವರು ಊರಲ್ಲೇ ಇರಲಿಲ್ಲ. ಆದರೆ ಗಂಡನ ಪಾತ್ರ ಪಾಲ್ ಮುನಿ ಎಂಬ ಬಿಳಿ ನಟನ ಪಾಲಾಗಿತ್ತು. ಸಿನಿಮಾದವರು ತಮಗೆ ತಾವೇ ಹಾಕಿಕೊಂಡ ಸಂಹಿತೆಯಲ್ಲಿ ಕರಿಯರು–ಬಿಳಿಯರ ಸಂಬಂಧ ತೋರಿಸಕೂಡದೆಂದಿತ್ತು. ಸ್ಟುಡಿಯೋಗಳು ಅದನ್ನು ಏಷ್ಯನ್ನರಿಗೂ ಎಳೆದಿದ್ದವು. ಗಂಡ ನಿಜವಾಗಿ ಬಿಳಿಯ, ಹಾಗಾಗಿ ಹೆಂಡತಿ ನಿಜವಾಗಿ ಚೀನೀಯಳಾಗುವಂತಿಲ್ಲ! ತೆರೆಯ ಮೇಲೆ ಇಬ್ಬರೂ ಚೀನೀಯರೇ ಅನ್ನುವುದು ಲೆಕ್ಕಕ್ಕಿಲ್ಲ. ಈ ತರ್ಕವನ್ನು ನನ್ನಜ್ಜನ ಮುಂದೆ ಇಟ್ಟಿದ್ದರೆ ಎಲೆ ಅಡಿಕೆ ಉಗಿದು ಎದ್ದುಹೋಗುತ್ತಿದ್ದ. ಪಾತ್ರ ಲೂಯಿಸ್ ರೈನರ್‌ಗೆ ಹೋಯಿತು, ಅದಕ್ಕೆ ಆಸ್ಕರ್ ಕೂಡ ಬಂತು. 2022ರಲ್ಲಿ ಅಚ್ಚಾದ ಅಮೆರಿಕದ ಕಾಲು ಡಾಲರ್ ನಾಣ್ಯದ ಮೇಲೆ ವಾಂಗ್ ಮುಖವಿದೆ. ನನ್ನ ಹತ್ತಿರ ಒಂದಿದೆ, ಕಾರಿನ ಡಬ್ಬಿಯಲ್ಲಿ, ಪಾರ್ಕಿಂಗ್ ಮೀಟರಿಗೆ ಹಾಕದೆ ಇಟ್ಟುಕೊಂಡಿದ್ದೇನೆ.

ಅದೆಲ್ಲ ಹಳೇ ಕಥೆ ಅನ್ನುತ್ತೀರಿ. ಹೊಸದೂ ಇದೆ. ಎಂಐಟಿ ಹುಡುಗರು ಕ್ಯಾಸಿನೋದಲ್ಲಿ ಇಸ್ಪೀಟು ಲೆಕ್ಕ ಹಾಕಿ ಗೆದ್ದ ನಿಜಕಥೆಯನ್ನು 2008ರಲ್ಲಿ ಸಿನಿಮಾ ಮಾಡಿದಿರಿ. ನಿಜದ ತಂಡದಲ್ಲಿ ಏಷ್ಯನ್ ಮೂಲದವರೇ ಹೆಚ್ಚು. ಕಥೆಯ ಕೇಂದ್ರದಲ್ಲಿದ್ದವರು ಜೆಫ್ ಮಾ. ತೆರೆಯ ಮೇಲೆ ಆ ಜಾಗಕ್ಕೆ ಬಂದವರು ಜಿಮ್ ಸ್ಟರ್ಜೆಸ್ ಎಂಬ ಇಂಗ್ಲಿಷ್ ನಟ. ಲೆಕ್ಕದಲ್ಲಿ ಚುರುಕು ಅನ್ನುವ ಒಂದು ಹಣೆಪಟ್ಟಿಯಾದರೂ ನಮಗಿತ್ತಲ್ಲ ಸ್ವಾಮಿ, ಅದು ಲಾಭಕ್ಕೆ ಬರುವ ದಿನ ಅದನ್ನೂ ಕಿತ್ತುಕೊಂಡಿರಿ. 2015ರಲ್ಲಿ ಹವಾಯಿಯ ಕಥೆಯೊಂದರಲ್ಲಿ ಬಿಳಿ ನಟಿ ಎಮ್ಮಾ ಸ್ಟೋನ್ ಮಾಡಿದ ಪಾತ್ರದ ಹೆಸರು ಆಲಿಸನ್ ಎಂಗ್, ಚೀನೀ ಮತ್ತು ಹವಾಯಿ ಮೂಲದ ಹೆಣ್ಣು. ನಿರ್ದೇಶಕರು ಆಮೇಲೆ ಕ್ಷಮೆ ಕೇಳಿದರು. ಇದೊಂದು ಪದ್ಧತಿಯೇ ಆಗಿಬಿಟ್ಟಿದೆ, ಮೊದಲು ಸಿನಿಮಾ, ಆಮೇಲೆ ಕ್ಷಮೆ.

ಲೆಕ್ಕವೂ ನಿಮ್ಮ ಊರಿನದೇ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅನ್ನೆನ್‌ಬರ್ಗ್ ಸಂಶೋಧಕರು 2007ರಿಂದ 2019ರವರೆಗಿನ, ಹೆಚ್ಚು ಗಳಿಸಿದ 1,300 ಚಿತ್ರಗಳನ್ನು ಎಣಿಸಿದರು. ಏಷ್ಯನ್ ಅಥವಾ ಪೆಸಿಫಿಕ್ ದ್ವೀಪ ಮೂಲದವರು ನಾಯಕ ಅಥವಾ ಸಹನಾಯಕರಾಗಿದ್ದ ಚಿತ್ರಗಳು 44. ಆ 44ರಲ್ಲಿ 14 ಚಿತ್ರ ಒಬ್ಬರವೇ, ತಾಯಿಯ ಕಡೆಯಿಂದ ಸಮೋವಾದವರಾದ ಡ್ವೇನ್ ಜಾನ್ಸನ್ ಅವರವು. ಅವರ ತೋಳಿನ ಗಾತ್ರದ ಬಗ್ಗೆ ನನ್ನ ತಕರಾರಿಲ್ಲ, ಆದರೆ ಕೋಟಿಗಟ್ಟಲೆ ಜನರ ಭಾರ ಅದೊಂದರ ಮೇಲೇ ಹಾಕುವುದು ನ್ಯಾಯವೇ?

ನನಗೆ ಹೆಚ್ಚು ಕಾಡುವುದು ಸಂಖ್ಯೆಯಲ್ಲ, ಸಾಬುಗೆ ಆದದ್ದು ಮತ್ತೆ ಮತ್ತೆ ಆಗುವುದು. ಕೀ ಹ್ವೀ ಕ್ವಾನ್ ಸೈಗಾನಿನಿಂದ ನಿರಾಶ್ರಿತನಾಗಿ ಬಂದ ಮಗು. 1984ರಲ್ಲಿ ಇಂಡಿಯಾನಾ ಜೋನ್ಸ್ ಜೊತೆ ಗಣಿಯೊಳಗೆ ಓಡಿದ ಟೋಪಿಯ ಪುಟ್ಟ ಹುಡುಗ. ಮರುವರ್ಷ ಇನ್ನೊಂದು ದೊಡ್ಡ ಚಿತ್ರ. ನಾವು ಮೈಸೂರಿನಲ್ಲಿ ಕೂತು ಅವನನ್ನು ನೋಡಿ ಚಪ್ಪಾಳೆ ಹೊಡೆದಿದ್ದೇವೆ. ಹುಡುಗ ಬೆಳೆದ, ಪಾತ್ರ ನಿಂತುಹೋದವು. ಸಿನಿಮಾ ಶಾಲೆ ಸೇರಿ, ಬೇರೆಯವರಿಗೆ ಹೊಡೆದಾಟ ಹೇಳಿಕೊಡುತ್ತ ಕ್ಯಾಮೆರಾ ಹಿಂದೆ ದಶಕಗಳನ್ನು ಕಳೆದರು. 2018ರಲ್ಲಿ ‘ಕ್ರೇಜಿ ರಿಚ್ ಏಷ್ಯನ್ಸ್’ ನೋಡಿ ಮತ್ತೆ ನಟಿಸುವ ಧೈರ್ಯ ಮಾಡಿದರಂತೆ. 2023ರಲ್ಲಿ ‘ಎವೆರಿಥಿಂಗ್ ಎವೆರಿವೇರ್ ಆಲ್ ಅಟ್ ಒನ್ಸ್’ ಚಿತ್ರದ ಪೋಷಕ ಪಾತ್ರಕ್ಕೆ ಆಸ್ಕರ್ ಹಿಡಿದು ಅತ್ತಾಗ ಅವರಿಗೆ 51. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದಿರಿ, ನೀವೂ ಕಣ್ಣೊರೆಸಿಕೊಂಡಿರಿ. ಆ ಮೂವತ್ತು ಚಿಲ್ಲರೆ ವರ್ಷ ಅವರನ್ನು ಕೂರಿಸಿದ್ದು ಯಾರು? ಸಾಬು 39ಕ್ಕೇ ಹೋದ. ಕಾಯಲು ಅವನಿಗೆ ಆಯುಸ್ಸು ಸಾಲಲಿಲ್ಲ.

ಹುಡುಗನನ್ನು ಒಪ್ಪುತ್ತೀರಿ, ಯಾಕೆಂದರೆ ಹುಡುಗನಿಂದ ಯಾರಿಗೂ ಅಪಾಯವಿಲ್ಲ. ಗಂಡಸಾದರೆ ಪ್ರೀತಿಸಬೇಕು, ತಪ್ಪು ಮಾಡಬೇಕು, ಕೊನೆಯಲ್ಲಿ ನಾಯಕಿಯ ಕೈ ಹಿಡಿಯಬೇಕು. 2000ದಲ್ಲಿ ಜೆಟ್ ಲಿ ನಾಯಕನಾದ ಚಿತ್ರದ ಹೆಸರಿನಲ್ಲೇ ರೋಮಿಯೋ ಇದ್ದ. ಕೊನೆಗೆ ಆ ರೋಮಿಯೋಗೆ ಸಿಕ್ಕಿದ್ದು ಒಂದು ಅಪ್ಪುಗೆ. ಊರು ಬಿಡುವಾಗ ಸೋದರಮಾವನಿಗೂ ಸಿಗುತ್ತದೆ ಅದು.

ಒಳ್ಳೆಯದೂ ಆಗಿದೆ, ಇಲ್ಲವೆನ್ನುವುದಿಲ್ಲ. ‘ಕ್ರೇಜಿ ರಿಚ್ ಏಷ್ಯನ್ಸ್’ 3 ಕೋಟಿ ಡಾಲರಿನ ಚಿತ್ರ, ಜಗತ್ತಿನಾದ್ಯಂತ 23 ಕೋಟಿಗೂ ಮೀರಿ ಗಳಿಸಿತು. ಈ ಕಾಲದ ಕಥೆಯಲ್ಲಿ ಮುಖ್ಯ ಪಾತ್ರಗಳೆಲ್ಲ ಏಷ್ಯನ್ನರದೇ ಆಗಿರುವ ಅಂಥ ಸ್ಟುಡಿಯೋ ಚಿತ್ರ ಅದಕ್ಕೂ ಮುಂಚೆ ಬೇಕೆಂದರೆ 1993ಕ್ಕೆ ಹೋಗಬೇಕು. ಇಪ್ಪತ್ತೈದು ವರ್ಷದ ಅಂತರ. ಆದರೆ ನನಗೆ ‘ಕ್ರೇಜಿ ರಿಚ್ ಏಷ್ಯನ್ಸ್’ಗಿಂತ ಇಷ್ಟವಾದದ್ದು ಅದೇ 2018ರ ಆಗಸ್ಟಿನಲ್ಲಿ ಬಂದ ‘ಸರ್ಚಿಂಗ್’. ಅನೀಶ್ ಚಾಗಂಟಿ ನಿರ್ದೇಶನ, ಜಾನ್ ಚೋ ನಾಯಕ. ಸ್ಯಾನ್ ಹೋಸೆಯ ಒಬ್ಬ ಅಪ್ಪ, ಕಾಣೆಯಾದ ಮಗಳನ್ನು ಅವಳ ಲ್ಯಾಪ್‌ಟಾಪಿನೊಳಗೆ ಹುಡುಕುತ್ತಾನೆ. ಅವನು ಕೊರಿಯನ್ ಮೂಲದವನು ಎಂಬುದಕ್ಕೆ ಯಾರೂ ವಿವರಣೆ ಕೊಡುವುದಿಲ್ಲ, ಗಂಟೆ ಬಾರಿಸುವುದಿಲ್ಲ, ಹಿನ್ನೆಲೆಯಲ್ಲಿ ಕೊಳಲು ಊದುವುದಿಲ್ಲ. ಅವನು ಅಪ್ಪ, ಅಷ್ಟೇ. 10 ಲಕ್ಷ ಡಾಲರಿಗಿಂತ ಕಡಿಮೆಯಲ್ಲಿ ತೆಗೆದ ಚಿತ್ರ ಸುಮಾರು 7.5 ಕೋಟಿ ಗಳಿಸಿತು. ಥಿಯೇಟರಿನಿಂದ ಹೊರಗೆ ಬಂದು ಪಾರ್ಕಿಂಗಿನಲ್ಲಿ ನಿಂತುಕೊಂಡೇ ಮಗಳಿಗೆ ಫೋನ್ ಮಾಡಿದ್ದೆ. ಯಾಕೆ ಮಾಡಿದೆ ಅಂದಳು. ಸುಮ್ಮನೆ ಅಂದೆ.

ನನಗೆ ಬೇಕಾದದ್ದು ಇದು. ನಮ್ಮ ಸಂಸ್ಕೃತಿಯನ್ನು ಮೆರೆಸುವ ಮಹಾಚಿತ್ರ ಬೇಡ. ಡ್ರ್ಯಾಗನ್ನು, ದೀಪಾವಳಿ, ಅಜ್ಜಿಯ ಅಡುಗೆಯ ರಹಸ್ಯ, ಮದುವೆಯ ಕುಣಿತ ಯಾವುದೂ ಕಡ್ಡಾಯವಲ್ಲ. 2004ರಲ್ಲಿ ಇದೇ ಜಾನ್ ಚೋ ಮತ್ತು ಕಾಲ್ ಪೆನ್ ನಮ್ಮ ನ್ಯೂಜೆರ್ಸಿಯಲ್ಲಿ ರಾತ್ರಿಯಿಡೀ ಬರ್ಗರ್ ಹುಡುಕಿಕೊಂಡು ಅಲೆಯುವ ಗಾಂಜಾ ಗಿರಾಕಿಗಳಾಗಿದ್ದರು. ಆಗ ನನಗೂ ಹೆಂಡತಿಗೂ ಮೈ ಉರಿದಿತ್ತು, ನಮ್ಮ ಮಕ್ಕಳಿಗೆ ಇದೇನು ಮಾದರಿ ಎಂದು. ಈಗ ಅನ್ನಿಸುತ್ತದೆ, ಪೋಲಿ ಬೀಳುವುದಕ್ಕೂ ತೆರೆಯ ಮೇಲೆ ನಮಗೆ ಜಾಗ ಬೇಕಿತ್ತು. ಹಾಗೆಯೇ ಸೋಲುವುದಕ್ಕೂ. ಬಿಳಿಯ ನಾಯಕನ ಚಿತ್ರ ತೋಪಾದರೆ ಕಥೆ ಸರಿಯಿರಲಿಲ್ಲ ಅನ್ನುತ್ತೀರಿ. ನಮ್ಮವರ ಚಿತ್ರ ತೋಪಾದರೆ, ನೋಡಿದಿರಾ, ಜನಕ್ಕೆ ಬೇಡ ಅನ್ನುತ್ತೀರಿ. ಕ್ವಾನ್ ಅವರಿಗೆ ಕಡೆಗೂ 2025ರಲ್ಲಿ ಸ್ಟುಡಿಯೋ ಚಿತ್ರವೊಂದರ ನಾಯಕನ ಪಾತ್ರ ಸಿಕ್ಕಿತು, 53ನೇ ವಯಸ್ಸಿನಲ್ಲಿ. ಚಿತ್ರ ಸೋತಿತು. ಸೋಲಲಿ ಬಿಡಿ. ಇನ್ನೊಂದು ಕೊಡಿ. ಉಳಿದವರಿಗೆಲ್ಲ ಹಾಗೇ ಅಲ್ಲವೇ ಕೊಡುವುದು?

ಈಗ ನಮ್ಮವರ ಕಡೆ ತಿರುಗುತ್ತೇನೆ.

ಅಮೆರಿಕದ ಕನ್ನಡಿಗರೇ, ಅರಂಗೇಟ್ರಂಗೆ ಹಾಲ್ ಬುಕ್ ಮಾಡಿ, ನಾನೂರು ಜನಕ್ಕೆ ಊಟ ಹಾಕಿ, ಬೆಂಗಳೂರಿನಿಂದ ಮೃದಂಗದವರನ್ನು ಕರೆಸುತ್ತೇವೆ. ಅದೇ ಹುಡುಗಿ ನಾಟಕ ಓದುತ್ತೇನೆ ಅಂದರೆ “ಹಾಬಿಯಾಗಿ ಇಟ್ಕೊ ಪುಟ್ಟಿ” ಅನ್ನುತ್ತೇವೆ. ನಾನೂ ಅಂದಿದ್ದೆ. ಎರಡು ವರ್ಷ ಮಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ, ಅದು ನನಗೆ ಸಲ್ಲಬೇಕಾದ್ದೇ. 2022ರಲ್ಲಿ ‘ಕಾಂತಾರ’ ಬಂದಾಗ ಹಿಮ ಬೀಳುವ ಮುಂಚಿನ ಚಳಿಯಲ್ಲಿ ಕಾರು ತುಂಬಿಕೊಂಡು ಹೋದವರು, ಇಲ್ಲೇ ಹುಟ್ಟಿದ ನಮ್ಮ ಮಕ್ಕಳು ನಾಯಕರಾಗಿರುವ ಸಣ್ಣ ಚಿತ್ರ ಪಕ್ಕದ ಪರದೆಯಲ್ಲಿದ್ದರೂ ತಲೆ ಎತ್ತಿ ನೋಡುವುದಿಲ್ಲ. ಸ್ಟುಡಿಯೋದವರು ಮೊದಲ ವಾರದ ಗಳಿಕೆ ನೋಡುವ ಜನ. ಅವರಿಗೆ ನೆಪ ಒದಗಿಸುವುದು ನಾವೇ. ಇನ್ನು ಗಾಂಧಿನಗರದ ವಿಷಯ ತೆಗೆದರೆ ನನ್ನ ಬಾಯಿಗೆ ಬೀಗ ಬೀಳುತ್ತದೆ. ಮುಂಬೈಯಿಂದ ನಾಯಕಿಯನ್ನು ತಂದು, ಇನ್ನೊಬ್ಬರಿಂದ ಕಂಠ ಕೊಡಿಸಿ, ಹಳ್ಳಿ ಹುಡುಗಿಯಾದರೆ ಕಪ್ಪು ಬಳಿಯುವ ನಾವು ರಿಚರ್ಡ್ ಬರ್ಟನ್‌ಗೆ ಏನು ಹೇಳೋಣ? ಅದಕ್ಕೆ ಇನ್ನೊಂದು ಪತ್ರ ಬರೆಯಬೇಕು.

ಕಾಸ್ಟಿಂಗಿನವರಿಗೆ ಒಂದು ಸಣ್ಣ ಕೆಲಸ ಹೇಳಿ ಮುಗಿಸುತ್ತೇನೆ. ಪಾತ್ರದ ವಿವರ ಕಳಿಸುವಾಗ ‘ಯಾವ ಜನಾಂಗದವರಾದರೂ ಆಗಬಹುದು’ ಎಂದು ಈಗ ಧಾರಾಳವಾಗಿ ಬರೆಯುತ್ತೀರಿ. ಸಂತೋಷ. ಹಾಗೆ ಬರೆದು ಬಂದ ನಾಯಕಿಯ ಪಾತ್ರಗಳ ಟೇಪುಗಳನ್ನು ಒಮ್ಮೆಯಾದರೂ ಹೆಸರು ಮುಚ್ಚಿ ಕೊನೆಯ ತನಕ ನೋಡಿ.

ಬರುವ ಭಾನುವಾರ ನಮ್ಮ ಮನೆಯಲ್ಲಿ ಅಂಥದ್ದೇ ಒಂದು ಟೇಪ್ ಇದೆ. ಪಾತ್ರ ದೋಣಿ ರಿಪೇರಿ ಮಾಡುವ ಹೆಂಗಸಿನದು. ಊರು ಯಾವುದೋ ಕಡಲತೀರ. ನಾಲ್ಕು ಪುಟ, ಮೂರರಲ್ಲಿ ಅವಳದೇ ಮಾತು. ಬಿಟ್ಟುಹೋದ ಗಂಡ ತಿರುಗಿ ಬಂದಿದ್ದಾನೆ, ಅವಳು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸುತ್ತಾಳೆ. ಗಂಡನ ಮಾತು ಓದಬೇಕಾದವನು ನಾನು. “ಅಪ್ಪ, ಇದಕ್ಕೆ ಬೇರೆ ಯಾರನ್ನಾದರೂ ಕರೀಲಾ” ಎಂದು ಕೇಳಿದಳು. ಬೇಡ ಅಂದೆ. ಆಕ್ಟ್ ಮಾಡುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.

ಇಂತಿ,
ಒಬ್ಬ ರೀಡರ್
ನ್ಯೂಜೆರ್ಸಿ